ಎಲೆ ಫೋಟೋ ಬೇಡ, ಬೇರು ತೋರಿಸಿ

ಮಳೆಗಾಲ ಮುಗಿಯುತ್ತಾ ಬಂದರೆ ನನ್ನ ವಾಟ್ಸಾಪ್ ತುಂಬಾ ಹಳದಿ ಎಲೆಗಳೇ. ಕಿತ್ತಳೆ, ನಿಂಬೆ, ಮೂಸಂಬಿ, ಯಾವುದೇ ಆಗಲಿ, ಪ್ರಶ್ನೆ ಮಾತ್ರ ಒಂದೇ: "ಇದಕ್ಕೆ ಏನು ಹೊಡೀಬೇಕು?" ಎಲೆಯ ಮುಂದಿನ ಫೋಟೋ, ಹಿಂದಿನ ಫೋಟೋ, ಕೆಲವರು ವಿಡಿಯೋನೂ ಕಳಿಸುತ್ತಾರೆ. ಬೇರಿನ ಫೋಟೋ ಮಾತ್ರ ಯಾರೂ ಕಳಿಸುವುದಿಲ್ಲ. ಅಷ್ಟರಲ್ಲಿ ಆ ಗಿಡಕ್ಕೆ ಜಿಂಕ್ ಹೊಡೆದು, ಮೆಗ್ನೀಷಿಯಂ ಹೊಡೆದು, ಒಂದು ಸುತ್ತು ಯೂರಿಯಾನೂ ಹಾಕಿ ಆಗಿರುತ್ತದೆ.

ಹೋದ ವಾರ ಮತ್ತೆ ಅದೇ ಕಥೆ ಆಯಿತು. ಅದಕ್ಕೆ ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅನಿಸಿತು. ಮುಂದೆ ಯಾರು ಕೇಳಿದರೂ ಇದರ ಲಿಂಕ್ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ. ಕೊಡಗಿನ ಕಿತ್ತಳೆ ಇಟ್ಟುಕೊಂಡೇ ಬರೆಯುತ್ತೇನೆ, ಯಾಕೆಂದರೆ ನಾನು ಜಾಸ್ತಿ ನೋಡಿರುವುದು ಅದನ್ನೇ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಲಿಂಬೆಗೂ ಬೆಂಗಳೂರಿನ ತಾರಸಿಯ ಕುಂಡಕ್ಕೂ ಇದೇ ಲೆಕ್ಕ, ಮಣ್ಣು ಮಾತ್ರ ಬೇರೆ.

ಬೇರು ಉಸಿರಾಡುತ್ತದೆ. ಎಲೆ ಮಾಡಿದ ಸಕ್ಕರೆ ಕೆಳಗೆ ಬರುತ್ತದೆ, ಬೇರು ಅದನ್ನು ಆಮ್ಲಜನಕದ ಜೊತೆ ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ, ಆ ಶಕ್ತಿಯಿಂದಲೇ ಸಾರಜನಕ, ಪೊಟ್ಯಾಷ್, ಕಬ್ಬಿಣ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಆ ಆಮ್ಲಜನಕ ಎಲ್ಲಿಂದ ಬರಬೇಕು? ಮಣ್ಣಿನ ಸಂದುಗಳಲ್ಲಿರುವ ಗಾಳಿಯಿಂದ. ಭತ್ತಕ್ಕೆ ಈ ತಲೆನೋವು ಇಲ್ಲ. ಅದರ ಗಿಡದೊಳಗೆ ಮೇಲಿನಿಂದ ಬೇರಿನ ತುದಿವರೆಗೆ ಗಾಳಿ ಇಳಿಯಲು ಟೊಳ್ಳು ದಾರಿ ಇದೆ, ಹಾಗಾಗಿ ಕೆಸರಲ್ಲೂ ಆರಾಮಾಗಿ ನಿಲ್ಲುತ್ತದೆ. ಕಿತ್ತಳೆಗೆ ಅಂಥ ದಾರಿ ಇಲ್ಲ.

ಒಳ್ಳೆಯ ಮಣ್ಣಲ್ಲಿ ಸುಮಾರು ಅರ್ಧ ಭಾಗ ಖಾಲಿ ಸಂದು. ಅದರಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ. ಜೋರು ಮಳೆ ಬಂದಾಗ ನೀರು ಗಾಳಿಯನ್ನು ಹೊರಗೆ ತಳ್ಳಿ ತಾನು ಕೂತುಕೊಳ್ಳುತ್ತದೆ. ಮಣ್ಣಿನ ಒಟ್ಟು ಗಾತ್ರದಲ್ಲಿ ಗಾಳಿಯ ಪಾಲು ಶೇ. 10ಕ್ಕಿಂತ ಕೆಳಗೆ ಇಳಿದರೆ ಬಹುತೇಕ ಬೆಳೆಗಳ ಬೇರಿಗೆ ಕಷ್ಟ ಶುರು. ನೀರಲ್ಲೂ ಆಮ್ಲಜನಕ ಕರಗಿರುತ್ತದಲ್ವಾ ಅಂತ ಕೇಳಬಹುದು. ಇರುತ್ತದೆ, ಆದರೆ ತುಂಬಾ ಕಡಿಮೆ. 25 ಡಿಗ್ರಿ ಬಿಸಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 8 ಮಿಲಿಗ್ರಾಂ ಚಿಲ್ಲರೆ, ಅದೇ ಒಂದು ಲೀಟರ್ ಗಾಳಿಯಲ್ಲಿ ಅದರ ಮೂವತ್ತು ಪಟ್ಟಿಗಿಂತ ಜಾಸ್ತಿ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ನಿಂತ ನೀರಿನೊಳಗೆ ಆಮ್ಲಜನಕ ಸರಿದಾಡುವ ವೇಗ ಗಾಳಿಯಲ್ಲಿದ್ದುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಇರುವುದನ್ನು ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಸೇರಿ ಒಂದೆರಡು ದಿನದಲ್ಲಿ ಮುಗಿಸುತ್ತವೆ, ಮೇಲಿನಿಂದ ಹೊಸದು ಬರುವುದಿಲ್ಲ.

ಆಮೇಲೆ ಮಣ್ಣಿನ ಕಾರುಬಾರೇ ಬದಲಾಗುತ್ತದೆ. ಆಮ್ಲಜನಕ ಇಲ್ಲದೆಯೂ ಬದುಕುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೇಟ್ ತಿನ್ನುತ್ತವೆ. ಅಂದರೆ ನೀವು ಹಾಕಿದ ಸಾರಜನಕ ಗಾಳಿಯಾಗಿ ಹಾರಿಹೋಗುತ್ತದೆ. ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಕೊನೆಗೆ ಸಲ್ಫೇಟ್. ಸಲ್ಫೇಟ್‌ವರೆಗೆ ಹೋದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಅದು ಬೇರಿಗೆ ನೇರ ವಿಷ. ಗುದ್ದಲಿ ಹಾಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂತು ಅಂದರೆ ಮತ್ತೆ ಯಾವ ಲ್ಯಾಬ್ ರಿಪೋರ್ಟೂ ಬೇಡ.

ಅಮೆರಿಕದ ಫ್ಲೋರಿಡಾದಲ್ಲಿ ತಗ್ಗು ಜಾಗದ ಕಿತ್ತಳೆ ತೋಟಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಬೇಸಿಗೆಯ ಬಿಸಿ ಮಣ್ಣಲ್ಲಿ ಬೇರಿನ ಜಾಗ 3 ದಿನಕ್ಕಿಂತ ಜಾಸ್ತಿ ನೀರಲ್ಲಿ ಮುಳುಗಿದ್ದರೆ ಬೇರಿಗೆ ಪೆಟ್ಟು ಅಂತ ಅಲ್ಲಿಯ ಲೆಕ್ಕ. ಅದಕ್ಕೇ ಅಲ್ಲಿ ಏರುಮಡಿ ಮಾಡಿ, ಮಧ್ಯೆ ಕಾಲುವೆ ತೆಗೆದು ಗಿಡ ನೆಡುತ್ತಾರೆ. ನಮ್ಮಲ್ಲಿ ಜುಲೈ, ಆಗಸ್ಟಿನ ಮಣ್ಣು ತಂಪು. ತಂಪಲ್ಲಿ ಬೇರಿನ ಉಸಿರಾಟವೂ ನಿಧಾನ, ಆದ್ದರಿಂದ ಸ್ವಲ್ಪ ಜಾಸ್ತಿ ದಿನ ತಡೆದುಕೊಳ್ಳುತ್ತದೆ. ಆದರೆ ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ. ಎಷ್ಟು ಅಂತ ತಡೆಯುತ್ತದೆ ಪಾಪ.

ಇಲ್ಲೊಂದು ವಿಷಯ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಬೇರು ಸಾಯುವುದು ಜುಲೈನಲ್ಲಿ, ಗಿಡ ಬಾಡುವುದು ನವೆಂಬರಿನಲ್ಲಿ. ಮೋಡ ಮುಚ್ಚಿ ತಂಪಾಗಿದ್ದಾಗ ಎಲೆಗೆ ನೀರು ಜಾಸ್ತಿ ಬೇಡ, ಅರ್ಧ ಬೇರು ಸತ್ತಿದ್ದರೂ ನಡೆದುಹೋಗುತ್ತದೆ. ಮಳೆ ನಿಂತು ಬಿಸಿಲು ಏರಿದಾಗ ಮೇಲೆ ಬೇಡಿಕೆ ಜಾಸ್ತಿ, ಕೆಳಗೆ ಕೊಡುವವರಿಲ್ಲ. ಎಲೆ ಮುದುರುತ್ತದೆ, ಬಣ್ಣ ಇಳಿಯುತ್ತದೆ, ಕಾಯಿ ಸಣ್ಣದಾಗೇ ಉಳಿಯುತ್ತದೆ, ರೆಂಬೆಯ ತುದಿ ಒಣಗುತ್ತಾ ಬರುತ್ತದೆ. ನೋಡಿದವರು "ನೀರು ಕಡಿಮೆ ಆಯ್ತು" ಅಂತ ಪೈಪ್ ಬಿಡುತ್ತಾರೆ. ಇನ್ನೂ ಸ್ವಲ್ಪ ಬೇರು ಹೋಗುತ್ತದೆ.

ಇಷ್ಟು ಬರೀ ಉಸಿರುಗಟ್ಟಿದ ಕಥೆ. ಇದರ ಮೇಲೆ ರೋಗ ಬಂದು ಕೂರುತ್ತದೆ.

ಅದರ ಹೆಸರು ಫೈಟೋಫ್ಥೊರಾ. ಅಡಿಕೆಯ ಕೊಳೆರೋಗ ಗೊತ್ತಲ್ಲ, ಕಾಳುಮೆಣಸಿನ ಬಳ್ಳಿ ನೋಡನೋಡುತ್ತಾ ಸೊರಗಿ ಹೋಗುವುದು ಗೊತ್ತಲ್ಲ, ಅವೆರಡೂ ಇದೇ ಕುಲದ್ದು. ಕಿತ್ತಳೆ ಜಾತಿಗೆ ಬರುವುದು ಇದೇ ಕುಲದ ಬೇರೆ ಜಾತಿಗಳು, ಮುಖ್ಯವಾಗಿ ನಿಕೋಟಿಯಾನೆ, ಪಾಲ್ಮಿವೊರಾ, ಸಿಟ್ರೋಫ್ಥೊರಾ. ಶಿಲೀಂಧ್ರ ಅಂತ ನಾವೆಲ್ಲ ಕರೆದರೂ ಇದು ನಿಜವಾದ ಶಿಲೀಂಧ್ರ ಅಲ್ಲ, ಸಮುದ್ರದ ಕಂದು ಪಾಚಿಗೆ ಹತ್ತಿರದ ನೆಂಟ. ಇದು ಬರೀ ಪುಸ್ತಕದ ಮಾತು ಅಂದುಕೊಳ್ಳಬೇಡಿ, ನಿಮ್ಮ ಜೇಬಿಗೆ ಸಂಬಂಧಿಸಿದ್ದು. ಅಂಗಡಿಯಲ್ಲಿ "ಬೇರು ಕೊಳೆ" ಅಂತ ಹೇಳಿದ ಕೂಡಲೇ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಕಟ್ಟಿಕೊಡುವವರು ಈಗಲೂ ಇದ್ದಾರೆ. ಅದು ಫೈಟೋಫ್ಥೊರಾಕ್ಕೆ ತಾಗುವುದೇ ಇಲ್ಲ. ಸುಮ್ನೆ ದುಡ್ಡು ದಂಡ.

ಇದರ ಕೆಲಸ ಹೇಗೆ ನಡೆಯುತ್ತದೆ ಅನ್ನುವುದೇ ನನಗೆ ಈ ಇಡೀ ವಿಷಯದಲ್ಲಿ ಬಹಳ ಹಿಡಿಸಿದ ಭಾಗ. ಒಣ ಕಾಲದಲ್ಲಿ ಅದು ದಪ್ಪ ಗೋಡೆಯ ಬೀಜಾಣುವಾಗಿ ಮಣ್ಣಲ್ಲಿ, ಕೊಳೆತ ಬೇರಿನ ಚೂರಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಮಣ್ಣು ಹಸಿಯಾದಾಗ, ಆದರೆ ಇನ್ನೂ ಗಾಳಿ ಇರುವಾಗ, ಸಣ್ಣ ಸಣ್ಣ ಚೀಲಗಳನ್ನು ಬಿಡುತ್ತದೆ. ಚೀಲ ಆಗಲು ಅದಕ್ಕೂ ಆಮ್ಲಜನಕ ಬೇಕು. ಆಮೇಲೆ ಒಂದು ದಪ್ಪ ಮಳೆ ಬಂದು ಸಂದುಗಳಲ್ಲಿ ನೀರು ತುಂಬಿತು ಅನ್ನಿ, ಆ ಚೀಲ ಒಡೆದು ಒಳಗಿಂದ ಎರಡು ಬಾಲದ ಬೀಜಾಣುಗಳು ಹೊರಗೆ ಬಂದು ಈಜಲು ಶುರು ಮಾಡುತ್ತವೆ. ಅವು ಸ್ವಂತ ಬಲದಲ್ಲಿ ಹೆಚ್ಚು ದೂರ ಹೋಗಲಾರವು, ಹರಿಯುವ ನೀರು ಸಿಕ್ಕರೆ ಮಾತ್ರ ಕೆಳಗಿನ ತೋಟದವರೆಗೂ ಹೋಗುತ್ತವೆ. ಎತ್ತ ಈಜಬೇಕು ಅಂತ ಗೊತ್ತಾಗುವುದು ಹೇಗೆ? ಉಸಿರುಗಟ್ಟಿದ ಬೇರೇ ಹೇಳಿಕೊಡುತ್ತದೆ. ಆಮ್ಲಜನಕ ಸಿಗದ ಬೇರು ಸಕ್ಕರೆಯನ್ನು ಅರ್ಧಂಬರ್ಧ ಮುರಿದು ಹೇಗೋ ಜೀವ ಹಿಡಿಯುತ್ತದೆ, ಆಗ ಎಥನಾಲ್ ಹುಟ್ಟುತ್ತದೆ, ಅಂದರೆ ಸಾರಾಯಿ. ಬೇರಿನ ಜೀವಕೋಶದ ಪೊರೆಯೂ ಸೋರಲು ಶುರುವಾಗಿ ಸಕ್ಕರೆ, ಅಮೈನೋ ಆಮ್ಲ ಎಲ್ಲ ಹೊರಗೆ ಬರುತ್ತವೆ. ಬಿರಿದ ಹಲಸಿಗೆ ನೊಣ ಮುತ್ತಿದ ಹಾಗೆ ಈಜುವ ಬೀಜಾಣುಗಳು ಆ ವಾಸನೆ ಹಿಡಿದು ಬೇರಿನ ತುದಿಗೇ ಬಂದು ಮುತ್ತುತ್ತವೆ. ಬಾಲ ಉದುರಿಸಿ, ಅಂಟಿಕೊಂಡು, ಒಳಗೆ ನುಗ್ಗುತ್ತವೆ.

ಇದರಿಂದ ಒಂದು ವಿಚಿತ್ರ ಲೆಕ್ಕ ಬರುತ್ತದೆ. ಒಂದೇ ಸಮನೆ ಮುಳುಗಿರುವ ಜಾಗದಲ್ಲಿ ಬೇರು ಸಾಯುವುದು ಬಹುಪಾಲು ಉಸಿರುಗಟ್ಟಿ. ಹಸಿ, ಸ್ವಲ್ಪ ಒಣಗು, ಮತ್ತೆ ತುಂಬು, ಹೀಗೆ ಏರಿಳಿಯುವ ಜಾಗದಲ್ಲಿ ರೋಗದ ಸುಗ್ಗಿ, ಯಾಕೆಂದರೆ ಅಲ್ಲಿ ಚೀಲವೂ ಆಗುತ್ತದೆ, ಚೀಲ ಒಡೆಯಲು ನೀರೂ ಸಿಗುತ್ತದೆ. ಮಳೆ ಬಿಟ್ಟು ಬಿಟ್ಟು ಬರುವ ಸೆಪ್ಟೆಂಬರ್ ಅದಕ್ಕೆ ಹೇಳಿ ಮಾಡಿಸಿದ ತಿಂಗಳು. ಇಂಡಿ ಕಡೆಯ ಎರೆಮಣ್ಣಲ್ಲಿ ಇದೇ ಆಟ ಮಳೆಯ ಬದಲು ನೀರಾವರಿಯಿಂದ ನಡೆಯುತ್ತದೆ. ಬೇಸಿಗೆ ಬೆಳೆಗಾಗಿ ಲಿಂಬೆಗೆ ನೀರು ನಿಲ್ಲಿಸಿ ಒಣಗಿಸುತ್ತಾರೆ, ಆಮೇಲೆ ಒಮ್ಮೆಲೇ ಮಡಿ ತುಂಬಾ ಬಿಡುತ್ತಾರೆ. ಎರೆಮಣ್ಣು ಉಬ್ಬಿ, ಬಿರುಕು ಮುಚ್ಚಿ, ಗಾಳಿಯ ದಾರಿ ಬಂದ್. ಒಂದೇ ಕಾಲುವೆಯ ನೀರು ಗಿಡದಿಂದ ಗಿಡಕ್ಕೆ ಹರಿಯುತ್ತಿದ್ದರೆ ಮೊದಲ ಗಿಡದ ರೋಗ ಕೊನೆಯ ಗಿಡದವರೆಗೆ ಪುಕ್ಕಟೆ ಪ್ರಯಾಣ ಮಾಡುತ್ತದೆ.

ಸರಿ, ನೋಡುವುದು ಹೇಗೆ? ಗಿಡದ ನೆರಳಿನ ಅಂಚಿನಲ್ಲಿ, ಕಾಂಡದ ಬುಡದಲ್ಲಲ್ಲ, ಸಣ್ಣ ಗುದ್ದಲಿಯಿಂದ ಒಂದು ಗೇಣು ಮಣ್ಣು ತೆಗೆಯಿರಿ. ಕಿತ್ತಳೆಯ ಹೀರುಬೇರುಗಳಲ್ಲಿ ಜಾಸ್ತಿ ಭಾಗ ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತದೆ. ದಾರದಷ್ಟು ತೆಳ್ಳಗಿನ ಬೇರು ಸಿಗುತ್ತದೆ. ಒಳ್ಳೆಯದಾದರೆ ಬೆಣ್ಣೆ ಬಣ್ಣ, ತುದಿ ಬಿಳಿ, ಮುರಿದರೆ ಟಪ್ಪಂತ ಮುರಿಯುತ್ತದೆ. ಈಗ ಅದನ್ನು ಹೆಬ್ಬೆರಳು ತೋರುಬೆರಳಿನ ಉಗುರಿನ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ರೋಗ ಬಂದ ಬೇರಿನ ಹೊರಗಿನ ಸಿಪ್ಪೆ ಮೆತ್ತಗಾಗಿ, ಕಂದಾಗಿ, ಒಂದೇ ಎಳೆತಕ್ಕೆ ಕಳಚಿ ಬೆರಳಿಗೆ ಅಂಟುತ್ತದೆ, ಕೈಯಲ್ಲಿ ಉಳಿಯುವುದು ಕೂದಲಿನಂಥ ಒಳ ನಾರು ಮಾತ್ರ. ಅಂಥವು ಜಾಸ್ತಿ ಸಿಕ್ಕರೆ ಫೈಟೋಫ್ಥೊರಾ ಬಂದಿರುವ ಸಂಭವ ಬಹಳ. ಬೇರು ಕಪ್ಪಾಗಿ, ಮಣ್ಣು ಬೂದು ನೀಲಿಯಾಗಿ, ಆ ಮೊಟ್ಟೆ ವಾಸನೆ ಬಂದರೆ ಉಸಿರುಗಟ್ಟಿದ್ದು. ಎರಡೂ ಒಟ್ಟಿಗೆ ಇರುವುದೇ ಜಾಸ್ತಿ.

ಆಮೇಲೆ ಕಾಂಡದ ಬುಡ ನೋಡಿ. ಮಣ್ಣನ್ನು ಸ್ವಲ್ಪ ಸರಿಸಿ ನೋಡಬೇಕು. ತೊಗಟೆ ಬಿರಿದು ಅಂಟು ಒಸರುತ್ತಿದ್ದರೆ ಅದು ಬುಡ ಕೊಳೆ. ಈ ಅಂಟು ನೀರಲ್ಲಿ ಕರಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ತೊಳೆದುಹೋಗಿ ಏನೂ ಕಾಣುವುದಿಲ್ಲ, "ಮಳೇಲಿ ಚೆನ್ನಾಗೇ ಇತ್ತು, ಬಿಸಿಲಿಗೆ ಅಂಟು ಬಂತು" ಅನ್ನುತ್ತಾರೆ. ಅಂಟು ಕಂಡ ಜಾಗದಲ್ಲಿ ಚಾಕುವಿನಿಂದ ಕೆರೆದರೆ ಒಳಗೆ ಕಂದು ಬಣ್ಣ ಎಲ್ಲಿಯವರೆಗೆ ಹೋಗಿದೆ ಅಂತ ಗೊತ್ತಾಗುತ್ತದೆ. ಆ ಬದಿಯ ರೆಂಬೆಯ ಎಲೆಯ ನರ ಹಳದಿ ಆಗಿರುವುದೂ ಉಂಟು.

ಹಳದಿ ಕಂಡದ್ದೆಲ್ಲ ಬೇರಿನದೇ ಅಂತ ನಾನು ಹೇಳುತ್ತಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ಗ್ರೀನಿಂಗ್ ರೋಗ ಇದೆ, ಟ್ರಿಸ್ಟೆಜಾ ವೈರಸ್ ಇದೆ, ಕೊಡಗಿನ ಕಿತ್ತಳೆ ಇಷ್ಟು ಕಡಿಮೆ ಆಗಲು ಅವೆಲ್ಲವೂ ಕಾರಣ. ಗ್ರೀನಿಂಗ್‌ನಲ್ಲಿ ಎಲೆಯ ಎಡಕ್ಕೂ ಬಲಕ್ಕೂ ಹೊಂದದ ಹಾಗೆ ತೇಪೆ ತೇಪೆ ಹಳದಿ ಬರುತ್ತದೆ. ತಮಾಷೆ ಅಂದರೆ ಆ ಬ್ಯಾಕ್ಟೀರಿಯಾವೂ ಎಲೆಯಲ್ಲಿ ಕಾಣುವ ಮೊದಲೇ ಬೇರಿಗೆ ಇಳಿದು ಬೇರನ್ನು ತಿಂದಿರುತ್ತದೆ, ಆಮೇಲೆ ಫೈಟೋಫ್ಥೊರಾಗೆ ದಾರಿ ಸಲೀಸು. ಏನೇ ಆದರೂ ಬೇರು ನೋಡದೆ ತೀರ್ಮಾನ ಮಾಡುವುದು ಕಷ್ಟ ಅಷ್ಟೆ.

ಫೈಟೋಫ್ಥೊರಾ ರೋಗ ಜಗತ್ತಿಗೆ ಹೊಸದಲ್ಲ. 1830ರ ದಶಕದಲ್ಲಿ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಬುಡ ಕೊಳೆತು ಕಿತ್ತಳೆ ತೋಟಗಳು ಸತ್ತವು, ಆಮೇಲೆ ಮೆಡಿಟರೇನಿಯನ್ ಸುತ್ತಲೂ ಅದೇ ಪಾಡು. ಅಲ್ಲಿಯವರೆಗೆ ಬೀಜದ ಗಿಡ ನೆಡುತ್ತಿದ್ದವರು ಆಗ ಬುಡ ಕೊಳೆ ತಡೆಯುವ ಹುಳಿ ಕಿತ್ತಳೆಯ ಬೇರಿಗೆ ಕಸಿ ಕಟ್ಟಲು ಹಿಡಿದರು. ಬೇರಿನ ರೋಗ ಹತೋಟಿಗೆ ಬಂತು. ನೂರು ವರ್ಷ ಆದಮೇಲೆ, 1930ರ ದಶಕದಲ್ಲಿ, ಬ್ರೆಜಿಲ್ ಮತ್ತು ಅರ್ಜೆಂಟೀನಾದಲ್ಲಿ ಟ್ರಿಸ್ಟೆಜಾ ಬಂದು ಅದೇ ಹುಳಿ ಕಿತ್ತಳೆ ಬೇರಿನ ಗಿಡಗಳನ್ನು ಲಕ್ಷಗಟ್ಟಲೆ ಕೊಂದಿತು. ಬ್ರೆಜಿಲಿನವರು ಆಮೇಲೆ ಹಿಡಿದದ್ದು ರಂಗಪುರ ನಿಂಬೆಯ ಬೇರನ್ನು, ಹೆಸರೇ ಹೇಳುವ ಹಾಗೆ ನಮ್ಮ ಪಕ್ಕದ ಬಂಗಾಳದ ಕಡೆಯದ್ದು. ಕೊಡಗಿನ ಕಿತ್ತಳೆಗೂ ಕಸಿಗೆ ಅದೇ ಬಳಕೆಯಲ್ಲಿದೆ. ಬರ ತಡೆಯುತ್ತದೆ, ಟ್ರಿಸ್ಟೆಜಾ ತಡೆಯುತ್ತದೆ, ಆದರೆ ನಿಂತ ನೀರಲ್ಲಿ ಫೈಟೋಫ್ಥೊರಾ ತಡೆಯುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಮೂರೆಲೆಯ ಟ್ರೈಫೋಲಿಯೇಟ್ ಬೇರು ಆ ವಿಷಯದಲ್ಲಿ ಗಟ್ಟಿ, ಕೊಡಗಿನ ಹುಳಿ ಮಣ್ಣಿಗೂ ಅಡ್ಡಿಯಿಲ್ಲ, ಸುಣ್ಣ ಜಾಸ್ತಿ ಇರುವ ವಿಜಯಪುರದ ಮಣ್ಣಿಗೆ ಮಾತ್ರ ಆಗಿಬರುವುದಿಲ್ಲ. ಕಸಿ ಗಿಡ ತರುವುದಾದರೆ ಬೇರು ಯಾವುದು ಅಂತ ಕೇಳಿ ತನ್ನಿ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ವಿಚಾರಿಸಬಹುದು. ಸಂತೆಯಲ್ಲಿ ಸಿಗುವ ಗಿಡದ ಪಾಕೀಟಿನ ಮಣ್ಣಲ್ಲೇ ರೋಗ ಮನೆಗೆ ಬರುತ್ತದೆ.

ಇನ್ನು ಏನು ಮಾಡಬೇಕು ಅನ್ನುವುದು. ನನ್ನ ಮಟ್ಟಿಗೆ ಗುದ್ದಲಿ ಮೊದಲು, ಔಷಧಿ ಆಮೇಲೆ.

ಮಳೆಗೆ ಮುಂಚೆ, ಮೇ ತಿಂಗಳಲ್ಲೇ, ಗಿಡಕ್ಕಿಂತ ಮೇಲಿನ ಜಾಗದ ನೀರು ಎಲ್ಲಿಂದ ಇಳಿಯುತ್ತದೆ ನೋಡಿ ಬಸಿಗಾಲುವೆ ತೆಗೆಸಿ. ಅಡಿಕೆ ತೋಟದವರು ಪ್ರತಿ ವರ್ಷ ಕಪ್ಪು, ಅಂದರೆ ಬಸಿಗಾಲುವೆ, ತೆಗೆಯುವುದನ್ನು ಮರೆಯುವುದಿಲ್ಲ, ಕಿತ್ತಳೆಯ ವಿಷಯದಲ್ಲಿ ಮಾತ್ರ ಅದು ಕಾಫಿ ಮಧ್ಯೆ ತಾನಾಗೇ ಇರುವ ಮರ ಅನ್ನುವ ಧೋರಣೆ. ಕಾಫಿಗೆ ತೊಟ್ಟಿಲು ಗುಂಡಿ ಒಳ್ಳೆಯದೇ, ನೀರು ಇಂಗಿಸುತ್ತದೆ. ಆದರೆ ಕಿತ್ತಳೆ ಮರದ ಸರೀ ಮೇಲ್ಬದಿಗೆ ಒಂದು ತೊಟ್ಟಿಲು ಗುಂಡಿ ತೋಡಿದರೆ ನಾಲ್ಕು ತಿಂಗಳು ಅದರ ನೀರು ಮರದ ಬೇರಿಗೇ ಜಿನುಗುತ್ತಿರುತ್ತದೆ. ಸ್ವಲ್ಪ ದೂರ ಸರಿಸಿ ತೋಡಲು ಏನು ಕಷ್ಟ?

ಹಳೇ ಗದ್ದೆಯಲ್ಲಿ ಕಿತ್ತಳೆ, ನಿಂಬೆ ಹಾಕುವವರು ಈಗ ಜಾಸ್ತಿ ಆಗಿದ್ದಾರೆ. ವರ್ಷಾನುಗಟ್ಟಲೆ ಕೆಸರು ಉತ್ತ ಗದ್ದೆಯ ಕೆಳಗೆ ಗಟ್ಟಿ ಪದರ ಇರುತ್ತದೆ, ಭತ್ತಕ್ಕೆ ನೀರು ನಿಲ್ಲಲಿ ಅಂತಲೇ ಆದದ್ದು. ಅದರಲ್ಲಿ ಗುಂಡಿ ತೋಡಿ ಗೊಬ್ಬರ ತುಂಬಿ ಗಿಡ ಇಟ್ಟರೆ, ನೀವು ಮಾಡಿದ್ದು ಒಂದು ತೊಟ್ಟಿ. ನೆಡುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡಡಿ ಆಳದ ಗುಂಡಿಗೆ ನೀರು ತುಂಬಿಸಿ, ಇಳಿದ ಮೇಲೆ ಮತ್ತೆ ತುಂಬಿಸಿ, ಮಾರನೇ ದಿನವೂ ನೀರು ನಿಂತಿದ್ದರೆ ಆ ಜಾಗ ಸಮತಟ್ಟಾಗಿ ನೆಡಲು ಬೇಡ. ದಿಬ್ಬ ಮಾಡಿ ನೆಡಿ, ಇಲ್ಲವೇ ಬೇರೆ ಬೆಳೆ ನೋಡಿ.

ಕಸಿಯ ಗಂಟು ನೆಲದಿಂದ ಒಂದು ಗೇಣಾದರೂ ಮೇಲಿರಲಿ. ಬುಡಕ್ಕೆ ಮಣ್ಣು ಏರಿಸುವ ಅಭ್ಯಾಸ ದಯವಿಟ್ಟು ಬಿಡಿ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಸೊಪ್ಪು ಸದೆ, ಗೊಬ್ಬರ ಹಾಕುವುದಾದರೂ ಕಾಂಡಕ್ಕೆ ತಾಗದ ಹಾಗೆ. ಲಿಂಬೆ ಮಡಿಗೆ ನೀರು ಬಿಡುವವರು ಎರಡು ಉಂಗುರ ಮಾಡಿ, ಒಳಗಿನ ಉಂಗುರ ಒಣಗಿರಲಿ, ಹೊರಗಿನದಕ್ಕೆ ಮಾತ್ರ ನೀರು.

ಔಷಧಿಯ ವಿಷಯ ಚುಟುಕಾಗಿ. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಕಾಂಡಕ್ಕೆ ಎರಡು ಮೂರು ಅಡಿ ಎತ್ತರದವರೆಗೆ ಬೋರ್ಡೋ ಮುಲಾಮು ಬಳಿಯಿರಿ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, 10 ಲೀಟರ್ ನೀರು. ಕೊಳೆತ ತೊಗಟೆ ಇದ್ದರೆ ಮೊದಲು ಕೆರೆದು ತೆಗೆಯಿರಿ, ಆ ಚೂರುಗಳನ್ನು ಅಲ್ಲೇ ಬಿಸಾಡದೆ ಸುಟ್ಟುಹಾಕಿ. ತಾಮ್ರ ಕಾಂಡವನ್ನು ಕಾಯುತ್ತದೆ, ಬೇರಿನೊಳಗೆ ಹೋದ ರೋಗಕ್ಕೆ ಅದು ಏನೂ ಮಾಡುವುದಿಲ್ಲ. ಬೇರಿಗೆ ಮೆಟಲಾಕ್ಸಿಲ್ ಅಥವಾ ಫೋಸೆಟೈಲ್ ಬೇಕಾಗುತ್ತದೆ. ಫೋಸೆಟೈಲ್ ಎಲೆಗೆ ಹೊಡೆದರೂ ಬೇರಿಗೆ ಇಳಿಯುತ್ತದೆ, ಅದು ಅದರ ವಿಶೇಷ, ಆದರೆ ಇಳಿಸಲು ಗಿಡದ ಮೇಲೆ ಎಲೆ ಉಳಿದಿರಬೇಕಲ್ವಾ. ಪ್ರಮಾಣ ಡಬ್ಬಿಯ ಮೇಲೆ ನೋಡಿ ಹಾಕಿ. ಯಾವ ಔಷಧಿಯೂ ಸತ್ತ ಬೇರನ್ನು ಎಬ್ಬಿಸುವುದಿಲ್ಲ, ಹೊಸ ಬೇರಿಗೆ ಕಾವಲು ಕೊಡುತ್ತದೆ ಅಷ್ಟೆ. ಹೊಸ ಬೇರು ಬರಲು ಮತ್ತೆ ಗಾಳಿಯೇ ಬೇಕು.

ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದ ಬಗ್ಗೆ ಕೇಳುತ್ತೀರಿ, ಗೊತ್ತು. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಹಾಕಿ, ಒಳ್ಳೆಯದು. ಆದರೆ ಅದೂ ಉಸಿರಾಡುವ ಜೀವಿ. ನೀರು ನಿಂತ ಬುಡಕ್ಕೆ ಸುರಿದರೆ ಅದಕ್ಕೂ ಗಿಡದ ಗತಿಯೇ. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಬೇರಿಗೆ ಆಮ್ಲಜನಕ ಕೊಡಿ ಅನ್ನುವ ರೀಲ್ಸ್ ಓಡಾಡುತ್ತಿವೆ. ಮಣ್ಣಿಗೆ ಬಿದ್ದ ಸ್ವಲ್ಪ ಹೊತ್ತಲ್ಲೇ ಅದು ಒಡೆದು ಮುಗಿಯುತ್ತದೆ. ನೀರು ಅಲ್ಲೇ ನಿಂತಿದ್ದರೆ ನಾಳೆ ಏನು ಸುರಿಯುತ್ತೀರಿ?

ಕುಂಡದವರಿಗೆ ಎರಡೇ ಮಾತು. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವುದು ಸುಳ್ಳು. ಸಣ್ಣ ಸಂದಿನ ಮಣ್ಣು ನೀರನ್ನು ಹಿಡಿದುಕೊಂಡಿರುತ್ತದೆ, ದೊಡ್ಡ ಸಂದಿನ ಜಲ್ಲಿಗೆ ಸುಲಭಕ್ಕೆ ಬಿಡುವುದಿಲ್ಲ, ಹಾಗಾಗಿ ಒದ್ದೆ ಪದರ ಜಲ್ಲಿಯ ಮೇಲೆ, ಅಂದರೆ ಬೇರಿಗೆ ಇನ್ನೂ ಹತ್ತಿರ ಬಂದು ಕೂರುತ್ತದೆ. ಜಲ್ಲಿ ಬಿಟ್ಟು ಇಡೀ ಮಣ್ಣನ್ನೇ ಹಗುರ ಮಾಡಿ, ತೆಂಗಿನ ನಾರಿನ ತುಂಡು, ಇದ್ದಿಲಿನ ಚೂರು, ದಪ್ಪ ಮರಳು ಯಾವುದಾದರೂ ಸರಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಅವತ್ತೇ ಚೆಲ್ಲಿ.

ಈಗಾಗಲೇ ಕೆಟ್ಟ ಮರ ಇದ್ದರೆ ಬುಡದ ಸುತ್ತಳತೆ ನೋಡಿ. ಕೊಳೆ ಅರ್ಧ ಸುತ್ತಿಗಿಂತ ಕಡಿಮೆ ಇದ್ದರೆ ಪ್ರಯತ್ನ ಪಡಬಹುದು. ನೀರು ಬಸಿಯಿರಿ, ಕಾಯಿ ಉದುರಿಸಿ, ಒಣ ರೆಂಬೆ ಕಡಿದು ಮೇಲಿನ ಭಾರ ಇಳಿಸಿ, ಹೊಸ ಚಿಗುರು ಗಟ್ಟಿಯಾಗುವವರೆಗೆ ಯೂರಿಯಾ ಕೈಗೆ ತೆಗೆದುಕೊಳ್ಳಬೇಡಿ. ಅರ್ಧ ದಾಟಿದ್ದರೆ ಸುಮ್ನೆ ಎಳೆದಾಡಬೇಡಿ, ಬೇರು ಸಮೇತ ಕಿತ್ತು ಸುಡಿ. ಅದೇ ಗುಂಡಿಗೆ ಮುಂದಿನ ಜೂನ್‌ಗೆ ಇನ್ನೊಂದು ಕಿತ್ತಳೆ ಇಡುವ ಆಸೆ ಎಲ್ಲರಿಗೂ ಇರುತ್ತದೆ, ಜಾಗ ಖಾಲಿ ಕಂಡರೆ ತಡೆಯಲಾಗುವುದಿಲ್ಲ. ಬೇಡ. ಅಲ್ಲಿ ಮೊದಲು ನೀರಿಗೆ ದಾರಿ ಮಾಡಿ, ಒಂದೆರಡು ಬೇಸಿಗೆ ಗುಂಡಿ ತೆರೆದು ಬಿಸಿಲಿಗೆ ಬಿಡಿ, ಕಿತ್ತಳೆಯನ್ನು ಬೇರೆ ಕಡೆ, ದಿಬ್ಬದ ಮೇಲೆ ನೆಡಿ.